ಗುಡ್ಡ ಕುಸಿದ ಮೇಲೂ ಮೈಯಲ್ಲಿ ಉಳಿಯುವ ಭಯ: ದೇಹದ ಮೂಲಕ ನಡೆಯುವ ಆಘಾತ ಚಿಕಿತ್ಸೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳು ಜರಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಅದಾಗಿ ಎರಡೇ ವಾರಕ್ಕೆ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದವು. ಟಿವಿಯವರು ಹೋದರು, ಕಾಳಜಿ ಕೇಂದ್ರಗಳು ಮುಚ್ಚಿದವು, ರಸ್ತೆ ರಿಪೇರಿಯಾಯಿತು. ಆದರೆ ಬದುಕಿ ಉಳಿದವರ ಮೈಯಲ್ಲಿ ಆ ದಿನ ಇನ್ನೂ ನಡೆಯುತ್ತಲೇ ಇರುತ್ತದೆ. ಈ ಪುಟ ಅವರಿಗೆ, ಅವರ ಮನೆಯವರಿಗೆ, ಅವರ ಜೊತೆ ಕೆಲಸ ಮಾಡುವ ಆಶಾ ಕಾರ್ಯಕರ್ತೆಯರಿಗೆ ಮತ್ತು ಶಿಕ್ಷಕರಿಗೆ.

ಮಳೆ ಜೋರಾದರೆ ಈಗಲೂ ಎದೆ ಡವಡವ ಅನ್ನುತ್ತದೆ. ರಾತ್ರಿ ನಿದ್ದೆ ಬರೋದಿಲ್ಲ. ನನಗೆ ತಲೆ ಕೆಡ್ತಾ ಇದೆಯಾ?

ಇಲ್ಲ. ಜೀವ ಉಳಿಸಿಕೊಳ್ಳಲು ನಿಮ್ಮ ಮೈ ಒಂದು ಪಾಠ ಕಲಿತಿದೆ, ಅದನ್ನು ಮರೆಯಲು ಒಪ್ಪುತ್ತಿಲ್ಲ, ಅಷ್ಟೇ. ಅಪಾಯ ಬಂದಾಗ ನಮ್ಮ ಮೆದುಳು ಯೋಚನೆ ಮಾಡುತ್ತಾ ಕೂರುವುದಿಲ್ಲ. ಅಡ್ರಿನಲಿನ್ ಹರಿಯುತ್ತದೆ, ಎದೆ ಬಡಿತ ಏರುತ್ತದೆ, ಕಾಲಿಗೆ ರಕ್ತ ನುಗ್ಗುತ್ತದೆ, ಹೊಟ್ಟೆ ಕೆಲಸ ನಿಲ್ಲಿಸುತ್ತದೆ. ಅಪಾಯ ಕಳೆದ ಮೇಲೆ ಇದೆಲ್ಲ ಮೊದಲಿನ ಸ್ಥಿತಿಗೆ ಬರಬೇಕು. ಭಾರಿ ಆಘಾತವಾದಾಗ ಕೆಲವರಲ್ಲಿ ಅದು ಪೂರ್ತಿ ಇಳಿಯುವುದಿಲ್ಲ. ಶೀಟಿನ ಮೇಲೆ ಬೀಳುವ ಮಳೆ, ಹಸಿ ಮಣ್ಣಿನ ವಾಸನೆ, ದೂರದಲ್ಲಿ ಜೆಸಿಬಿಯ ಗುಡುಗುಡು, ಇದರಲ್ಲಿ ಯಾವುದಾದರೂ ಒಂದು ಸಾಕು. ಇದು ಹಳೇ ಸದ್ದು ಎಂದು ನಿಮಗೆ ಅರ್ಥವಾಗುವ ಮೊದಲೇ ಮೈ ಎದ್ದು ನಿಂತಿರುತ್ತದೆ.

ದುರಂತವಾದ ಮೊದಲ ಕೆಲವು ವಾರ ಬಹುತೇಕ ಎಲ್ಲರಿಗೂ ಹೀಗಾಗುತ್ತದೆ. ಹೆಚ್ಚಿನವರಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಒಂದು ತಿಂಗಳು ದಾಟಿದರೂ ಕೆಟ್ಟ ಕನಸು, ಬೆಚ್ಚಿ ಬೀಳುವುದು, ಆ ಜಾಗದ ಕಡೆ ತಲೆ ಹಾಕದಿರುವುದು ಮುಂದುವರಿದು ದಿನದ ಕೆಲಸಕ್ಕೆ ತೊಂದರೆಯಾಗುತ್ತಿದ್ದರೆ ನೆರವು ಬೇಕು ಎಂದರ್ಥ.

ದೇಹದ ಮೂಲಕ ಚಿಕಿತ್ಸೆ ಅಂದರೆ ಏನು? ಮನಸ್ಸಿನ ನೋವಿಗೆ ಮೈಗೇಕೆ ಚಿಕಿತ್ಸೆ?

ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ನೆನಪಿನಿಂದ, ಯೋಚನೆಯಿಂದ ಶುರುವಾಗುತ್ತದೆ. ಇಲ್ಲಿ ಶುರು ಮಾಡುವುದು ಮೈಯಿಂದ. ಉಸಿರು ಎಲ್ಲಿ ಸಿಕ್ಕಿಕೊಂಡಿದೆ, ಭುಜ ಎಷ್ಟು ಬಿಗಿದಿದೆ, ಕಾಲು ನೆಲಕ್ಕೆ ತಾಗಿರುವುದು ಗೊತ್ತಾಗುತ್ತಿದೆಯಾ ಎಂದು ಗಮನಿಸುತ್ತಾ, ಅಲ್ಲಿ ನಿಧಾನಕ್ಕೆ ಬದಲಾವಣೆ ಬರಲು ಬಿಡುತ್ತಾರೆ. ಅಮೆರಿಕದ ಚಿಕಿತ್ಸಕ ಪೀಟರ್ ಲೆವಿನ್ 1970ರ ದಶಕದಿಂದ ರೂಪಿಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಇದರಲ್ಲಿ ಹೆಚ್ಚು ಹೆಸರಾದ ವಿಧಾನ. ಆಘಾತಕ್ಕೆ ಒಳಗಾದವರಿಗೆಂದೇ ಹೊಂದಿಸಿದ ಯೋಗವೂ ಇದೇ ಸಾಲಿಗೆ ಬರುತ್ತದೆ. ಕಣ್ಣಿನ ಚಲನೆ ಅಥವಾ ಎಡ ಬಲ ತಟ್ಟುವುದನ್ನು ಬಳಸುವ ಇಎಂಡಿಆರ್ ಪೂರ್ತಿ ದೇಹದ ಚಿಕಿತ್ಸೆಯಲ್ಲದಿದ್ದರೂ ಇದಕ್ಕೆ ಹತ್ತಿರದ್ದು.

ನಮ್ಮ ಜನಕ್ಕೆ ಇದು ಅಷ್ಟೇನೂ ಹೊಸ ವಿಚಾರ ಅಲ್ಲ. ಗುಡ್ಡ ಕುಸಿದ ಊರಲ್ಲಿ ಯಾರೂ ‘ನನಗೆ ಆತಂಕದ ಸಮಸ್ಯೆ ಇದೆ’ ಎಂದು ಹೇಳಿಕೊಂಡು ಬರುವುದಿಲ್ಲ. ಎದೆ ಝಲ್ ಅನ್ನುತ್ತೆ, ಕೈಕಾಲು ಸೋತುಹೋಗುತ್ತೆ, ಹೊಟ್ಟೆ ತೊಳಸುತ್ತೆ, ತಲೆ ಭಾರ ಎನ್ನುತ್ತಾರೆ. ಅವರು ತಮ್ಮ ನೋವನ್ನು ಹೇಳುವುದೇ ಮೈಯ ಲೆಕ್ಕದಲ್ಲಿ. ಅಲ್ಲಿಂದಲೇ ಶುರು ಮಾಡುವ ಚಿಕಿತ್ಸೆ ಅವರಿಗೆ ಬೇಗ ಒಗ್ಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಮಣ್ಣು ಬರ್ತಾ ಇದ್ದಾಗ ನಾನು ಓಡಲಿಲ್ಲ. ಬಾಯಿ ಬಿಟ್ಟು ಕೂಗಲೂ ಇಲ್ಲ. ಸುಮ್ನೆ ನಿಂತುಬಿಟ್ಟೆ. ನಾನು ಕೂಗಿದ್ದರೆ ಅವರು ಉಳಿಯುತ್ತಿದ್ದರಲ್ವಾ?

ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು. ಯಾಕೆಂದರೆ ಬದುಕಿ ಉಳಿದ ಎಷ್ಟೋ ಜನ ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳದೆ ವರ್ಷಗಟ್ಟಲೆ ಒಳಗೇ ಇಟ್ಟುಕೊಂಡಿರುತ್ತಾರೆ.

ಅಪಾಯ ಎದುರಾದಾಗ ಮೈಗೆ ಗೊತ್ತಿರುವ ದಾರಿಗಳು ಕೆಲವೇ. ಎದುರಿಸು, ಓಡು, ಇಲ್ಲವೇ ಮರಗಟ್ಟು. ಯಾವುದು ಆಗಬೇಕು ಎಂದು ನಾವು ಕೂತು ಆರಿಸುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮೆದುಳಿನ ಒಳಭಾಗ ತೀರ್ಮಾನ ಮಾಡಿ ಮುಗಿಸಿರುತ್ತದೆ. ಓಡುವುದೂ ಹೋರಾಡುವುದೂ ಆಗದು ಎನ್ನಿಸಿದಾಗ ಮೈ ಸೆಟೆದು ನಿಲ್ಲುತ್ತದೆ, ದನಿ ಹೊರಡುವುದಿಲ್ಲ, ಸುತ್ತಲಿನದು ದೂರದಲ್ಲಿ ನಡೆಯುತ್ತಿದೆ ಎನಿಸುತ್ತದೆ. ಪ್ರಾಣಿಗಳಲ್ಲೂ ಇದೇ ನಡೆಯುತ್ತದೆ. ಇದು ಹೇಡಿತನ ಅಲ್ಲ, ಕರ್ತವ್ಯ ತಪ್ಪಿದ್ದೂ ಅಲ್ಲ. ಆ ಕ್ಷಣದಲ್ಲಿ ಕೂಗುವ ಶಕ್ತಿಯೇ ನಿಮ್ಮ ಕೈಯಲ್ಲಿರಲಿಲ್ಲ.

ಆದರೆ ಇದನ್ನು ಬಾಯಲ್ಲಿ ಹೇಳಿದ ಮಾತ್ರಕ್ಕೆ ಎದೆಯ ಭಾರ ಇಳಿಯುವುದಿಲ್ಲ, ಅದು ನನಗೂ ಗೊತ್ತು. ದೇಹದ ಚಿಕಿತ್ಸೆ ಮಾಡುವವರು ಅವತ್ತು ಮೈ ಮಾಡಲು ಹೊರಟು ಅರ್ಧಕ್ಕೆ ನಿಂತುಹೋದ ಚಲನೆಯ ಕಡೆ ಗಮನ ಕೊಡುತ್ತಾರೆ. ಕೂತಲ್ಲೇ ಕಾಲು ನಿಧಾನಕ್ಕೆ ಓಟದ ಹಾಗೆ ಒತ್ತಬಹುದು. ಕೈ ಏನನ್ನೋ ತಳ್ಳಬಹುದು. ಗಂಟಲಿನಲ್ಲಿ ನಿಂತ ದನಿ ಸಣ್ಣಗೆ ಹೊರಡಬಹುದು. ಅದು ಮುಗಿದಾಗ ಕೆಲವರಿಗೆ ನಡುಕ ಬರುತ್ತದೆ, ಕೆಲವರಿಗೆ ಬೆವರು, ಕೆಲವರಿಗೆ ಉದ್ದನೆಯ ಆಕಳಿಕೆ. ಹಾಗಾದಾಗ ಹೆದರಬೇಡಿ, ತಡೆಹಿಡಿಯಬೇಡಿ. ತಪ್ಪು ನನ್ನದಲ್ಲ ಎಂದು ಒಪ್ಪಿಕೊಳ್ಳುವುದು ಇದಾದ ಮೇಲೆ ಎಷ್ಟೋ ಜನಕ್ಕೆ ಸುಲಭವಾಗುತ್ತದೆ.

ಒಂದು ಭೇಟಿಯಲ್ಲಿ ನಿಜವಾಗಿ ಏನು ನಡೆಯುತ್ತದೆ?

ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಅನ್ನಿಸುವಷ್ಟು ನಿಧಾನ. ಒಂದು ಉದಾಹರಣೆ ಕೊಡುತ್ತೇನೆ. ತೋಟದ ಲೈನ್ ಮನೆಯಲ್ಲಿದ್ದ ಒಬ್ಬ ಹೆಣ್ಣುಮಗಳು ಬಂದಿದ್ದಾಳೆ ಅಂದುಕೊಳ್ಳಿ. ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ, ಕಣ್ಣು ಬಾಗಿಲ ಮೇಲಿದೆ, ಸೆರಗಿನ ತುದಿ ಮುಷ್ಟಿಯಲ್ಲಿದೆ.

ಆಪ್ತಸಮಾಲೋಚಕಿ ಅವತ್ತು ಏನಾಯಿತು ಎಂದು ಕೇಳುವುದೇ ಇಲ್ಲ. ‘ಅಕ್ಕ, ನಿಮಗೆ ಎಲ್ಲಿ ಕೂತರೆ ಆರಾಮ ಅನ್ನಿಸುತ್ತೆ, ಅಲ್ಲಿ ಕೂತ್ಕೊಳ್ಳಿ’ ಎನ್ನುತ್ತಾರೆ. ಆಕೆ ಕುರ್ಚಿ ಎಳೆದು ಬಾಗಿಲ ಪಕ್ಕಕ್ಕೆ ಹಾಕಿಕೊಳ್ಳುತ್ತಾಳೆ. ಭುಜ ಒಂದಿಷ್ಟು ಇಳಿಯುತ್ತದೆ. ‘ಈಗ ಮೈಯಲ್ಲಿ ಏನಾದರೂ ಬದಲಾಯಿತಾ?’ ‘ಉಸಿರು ಸ್ವಲ್ಪ ಬಂತು.’ ‘ಎಲ್ಲಿವರೆಗೆ ಬಂತು?’ ಆಕೆ ಎದೆಯ ನಡುವೆ ಕೈ ಇಡುತ್ತಾಳೆ. ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಆಮೇಲೆ ಕಷ್ಟದ ಕಡೆ ಒಂದೇ ಒಂದು ಹೆಜ್ಜೆ: ‘ಮಳೆ ಸದ್ದು ನೆನೆಸಿಕೊಂಡರೆ?’ ಮುಷ್ಟಿ ಮತ್ತೆ ಬಿಗಿಯುತ್ತದೆ. ಕೂಡಲೇ ವಾಪಸ್: ‘ಸಾಕು ಅಕ್ಕ. ಕಿಟಕಿ ಆಚೆ ನೋಡಿ, ಏನು ಕಾಣುತ್ತೆ?’ ‘ಸಿಲ್ವರ್ ಮರ. ಅದಕ್ಕೆ ಮೆಣಸಿನ ಬಳ್ಳಿ.’ ಕೈ ಸಡಿಲವಾಗುತ್ತದೆ.

ಹೀಗೆ ನೋವನ್ನು ಚೂರೇ ಚೂರು ಮುಟ್ಟುವುದು, ನೆಮ್ಮದಿಯ ಕಡೆಗೆ ಮರಳುವುದು, ಮತ್ತೆ ಮುಟ್ಟುವುದು. ಭಯ ಬಂದರೂ ಅದು ಇಳಿಯುತ್ತದೆ ಎಂದು ಮೈಗೆ ಸ್ವಂತ ಅನುಭವದಿಂದ ಗೊತ್ತಾಗಬೇಕು. ಆಕೆಯನ್ನು ಒಂದೇ ಸಲ ಆ ರಾತ್ರಿಯೊಳಗೆ ತಳ್ಳಿ ಅಳಿಸುವುದು ಚಿಕಿತ್ಸೆಯಲ್ಲ.

ನಡೆದದ್ದನ್ನೆಲ್ಲ ಹೇಳಲೇಬೇಕಾ?

ಬೇಕಿಲ್ಲ. ಹೇಳಬೇಕು ಅನ್ನಿಸಿದರೆ ಹೇಳಿ, ಕೇಳುವವರು ಇರುತ್ತಾರೆ. ಆದರೆ ದುರಂತವಾದ ಕೂಡಲೇ ಎಲ್ಲರನ್ನೂ ಕೂರಿಸಿ ಒಬ್ಬೊಬ್ಬರ ಬಾಯಿಂದಲೂ ಕಥೆ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಎಂದಿದೆ. ಪರಿಹಾರ ಶಿಬಿರಕ್ಕೆ ಬರುವ ಸ್ವಯಂಸೇವಕರು, ವರದಿಗಾರರು, ಕಾಲೇಜು ಹುಡುಗ ಹುಡುಗಿಯರು ದಯವಿಟ್ಟು ಇದನ್ನು ಗಮನಿಸಿ. ಒಬ್ಬ ತಾಯಿ ಮಗುವನ್ನು ಕಳೆದುಕೊಂಡ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಾ ಕೂರಬೇಕಾದರೆ ಅದು ಅವಳಿಗೆ ಆಗುವ ಇನ್ನೊಂದು ಗಾಯ.

ಮೈ ಮುಟ್ಟುತ್ತಾರಾ?

ಬಹಳಷ್ಟು ಸಲ ಮುಟ್ಟುವ ಅಗತ್ಯವೇ ಇರುವುದಿಲ್ಲ. ಕೆಲವರು ಭುಜ ಅಥವಾ ಬೆನ್ನಿನ ಮೇಲೆ ಕೈ ಇಡಬಹುದು. ಅದಕ್ಕೂ ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು. ‘ಬೇಡ’ ಎಂದರೆ ಬೇಡ. ಕಾರಣ ಹೇಳಬೇಕಾಗಿಯೂ ಇಲ್ಲ. ಬಟ್ಟೆ ತೆಗೆಯಿರಿ ಎನ್ನುವವರು, ನೋವಾಗುವಂತೆ ಒತ್ತುವವರು, ಇದನ್ನು ಮನೆಯಲ್ಲಿ ಹೇಳಬೇಡಿ ಎನ್ನುವವರು ಚಿಕಿತ್ಸಕರಲ್ಲ. ಎದ್ದು ಬನ್ನಿ, ದೂರು ಕೊಡಿ. ಹೆಂಗಸರು ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಬಹುದು.

ಇದು ಕೆಲಸ ಮಾಡುತ್ತದೆ ಅನ್ನೋದಕ್ಕೆ ಪುರಾವೆ ಇದೆಯಾ?

ಇದೆ, ಆದರೆ ಜಾಹೀರಾತಿನಲ್ಲಿ ಹೇಳುವಷ್ಟು ಗಟ್ಟಿಯಾಗಿಲ್ಲ.

2004ರ ಡಿಸೆಂಬರ್ 26ರ ಸುನಾಮಿ ನಮ್ಮ ಪಕ್ಕದ ತಮಿಳುನಾಡಿನ ಕರಾವಳಿಯನ್ನು ಹೊಡೆಯಿತು. ಅಲ್ಲಿನ ನಾಗಪಟ್ಟಿಣಂ ಜಿಲ್ಲೆಯಲ್ಲಿ ಸಾವಿರಾರು ಜನ ಸತ್ತರು. ಅದಾದ ಮೇಲೆ ತಮಿಳುನಾಡಿನಲ್ಲಿ ಬದುಕುಳಿದ 150 ಜನರಿಗೆ 75 ನಿಮಿಷದ ಒಂದು ದೇಹಾಧಾರಿತ ಚಿಕಿತ್ಸೆ ಕೊಟ್ಟು, ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳುವ ಕ್ರಮ ಹೇಳಿಕೊಟ್ಟರು. ಎಂಟು ತಿಂಗಳ ನಂತರ ಹತ್ತರಲ್ಲಿ ಸುಮಾರು ಒಂಬತ್ತು ಜನ ಚೆನ್ನಾಗಿ ಸುಧಾರಿಸಿದ್ದೇವೆ ಎಂದರು. ಈ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಕೇಳಲು ಅದ್ಭುತ. ಆದರೆ ಚಿಕಿತ್ಸೆ ಪಡೆಯದ ಇನ್ನೊಂದು ಗುಂಪನ್ನು ಹೋಲಿಕೆಗೆ ಇಟ್ಟುಕೊಂಡಿರಲಿಲ್ಲ. ಕಾಲ ಕಳೆದಂತೆ ತಾನಾಗಿ ಸುಧಾರಿಸಿದವರು ಎಷ್ಟು, ಚಿಕಿತ್ಸೆಯಿಂದ ಎಷ್ಟು ಎಂದು ಅದರಿಂದ ಬಿಡಿಸಿ ಹೇಳಲಾಗದು. ಇಸ್ರೇಲಿನಲ್ಲಿ 63 ಜನರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೋಲಿಕೆಯ ಗುಂಪು ಇತ್ತು, ಅಲ್ಲೂ ಫಲ ಕಂಡಿತು. ಗುಂಪು ಸಣ್ಣದು, ಅವರು ಪ್ರಕೃತಿ ವಿಕೋಪದ ಸಂತ್ರಸ್ತರೆಂದೇ ಆರಿಸಿದವರೂ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆಘಾತದ ನಂತರದ ಒತ್ತಡ ಕಾಯಿಲೆಗೆ (ಪಿಟಿಎಸ್‌ಡಿ) ಹೆಸರಿಸಿ ಶಿಫಾರಸು ಮಾಡಿದ್ದು ಆಘಾತದ ಮೇಲೆ ಗಮನವಿಟ್ಟ ಅರಿವು ಮತ್ತು ವರ್ತನೆಯ ಚಿಕಿತ್ಸೆ (ಸಿಬಿಟಿ, ಯೋಚನೆ ಮತ್ತು ನಡವಳಿಕೆಯನ್ನು ಮಾತಿನ ಮೂಲಕ ಬದಲಿಸುವ ಚಿಕಿತ್ಸೆ) ಹಾಗೂ ಇಎಂಡಿಆರ್. ಹಾಗಾಗಿ ನನ್ನ ಸಲಹೆ ಹೀಗೆ: ಇವೆರಡರಲ್ಲಿ ಒಂದು ಕೈಗೆಟಕುತ್ತಿದ್ದರೆ ಅದನ್ನು ಬಿಡಬೇಡಿ. ದೇಹದ ಚಿಕಿತ್ಸೆಯನ್ನು ಅದರ ಜೊತೆಗೆ ಇಟ್ಟುಕೊಳ್ಳಿ. ಇಲ್ಲವೇ ಮಾತೇ ಹೊರಡದವರಿಗೆ ಮೊದಲ ಮೆಟ್ಟಿಲಾಗಿ ಬಳಸಿ. ಮೆದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರದ ಹೆಸರು ಹೇಳಿ ‘ಇದೊಂದು ಒತ್ತಿದರೆ ಭಯ ಮಾಯ’ ಎನ್ನುವ ಮೊಬೈಲ್ ವಿಡಿಯೋಗಳನ್ನು ನಂಬಬೇಡಿ.

ನಮ್ಮಲ್ಲಿ ಯೋಗ, ಪ್ರಾಣಾಯಾಮ ಇದೆಯಲ್ಲ. ಅದೇ ಸಾಲದಾ?

ಕೆಲವರಿಗೆ ಅದರಿಂದ ತುಂಬಾ ಉಪಯೋಗ ಆಗಿದೆ. ಸುನಾಮಿಯ ಮೇಲೆ ಅಂಡಮಾನಿನಲ್ಲಿ ಬದುಕುಳಿದವರಿಗೆ ಒಂದು ವಾರ ಯೋಗ ಮಾಡಿಸಿ ಬೆಂಗಳೂರಿನ ಸಂಶೋಧಕರೇ ಅಧ್ಯಯನ ಮಾಡಿದ್ದಾರೆ. ಭಯ, ದುಃಖ, ನಿದ್ದೆಯ ತೊಂದರೆ ಕಡಿಮೆಯಾಗಿತ್ತು. 2008ರಲ್ಲಿ ಕೋಸಿ ನದಿ ಒಡ್ಡು ಒಡೆದು ಬಿಹಾರ ಮುಳುಗಿದಾಗಲೂ 22 ಜನರ ಸಣ್ಣ ಅಧ್ಯಯನ ನಡೆಯಿತು. ಯೋಗ ಮಾಡಿದವರಲ್ಲಿ ದುಃಖ ಇಳಿದಿತ್ತು, ಮಾಡದವರಲ್ಲಿ ಆತಂಕ ಏರಿತ್ತು. ತಮಿಳುನಾಡಿನ ಸುನಾಮಿ ನಿರಾಶ್ರಿತರ ಶಿಬಿರಗಳಲ್ಲಿ 183 ಜನರ ಮೇಲೆ ಉಸಿರಾಟದ ಅಭ್ಯಾಸದ ಪ್ರಯೋಗವೂ ಆಗಿದೆ, ಫಲ ಚೆನ್ನಾಗಿತ್ತು.

ಆದರೆ ಆಘಾತಕ್ಕೊಳಗಾದವರಿಗೆ ಯೋಗ ಹೇಳಿಕೊಡುವುದು ಊರಿನ ಬೆಳಗಿನ ಕ್ಲಾಸಿನಂತೆ ಅಲ್ಲ. ಕಣ್ಣು ಮುಚ್ಚಿ ಶವಾಸನದಲ್ಲಿ ಮಲಗಿ ಎಂದರೆ ಮಣ್ಣಿನಡಿ ಸಿಕ್ಕಿ ಬಂದವರಿಗೆ ಮತ್ತೆ ಅದೇ ಕತ್ತಲು. ಉಸಿರು ಕಟ್ಟಿ ಹಿಡಿಯುವ ಕುಂಭಕ ನೀರಲ್ಲಿ ಮುಳುಗಿದ್ದವರಿಗೆ ಗಾಬರಿ ತರಿಸಬಹುದು. ವೇಗದ ಉಸಿರಾಟವಂತೂ ಗರ್ಭಿಣಿಯರಿಗೆ, ಹೃದಯದ ತೊಂದರೆ ಮತ್ತು ಮೂರ್ಛೆರೋಗ ಇರುವವರಿಗೆ ಬೇಡವೇ ಬೇಡ. ಕಣ್ಣು ತೆರೆದೇ ಮಾಡಿ. ನಿಂತು ಅಥವಾ ಕೂತು ಮಾಡಿ. ಬೇಡ ಅನ್ನಿಸಿದಾಗ ನಿಲ್ಲಿಸಿ.

ಮನೆಯಲ್ಲಿ, ಈಗಲೇ, ಏನು ಮಾಡಬಹುದು?

ಗಾಬರಿ ಏರುತ್ತಿದೆ ಅನ್ನಿಸಿದಾಗ ಮೊದಲು ಎರಡೂ ಪಾದ ನೆಲಕ್ಕೆ ಒತ್ತಿ. ತಲೆ ನಿಧಾನಕ್ಕೆ ತಿರುಗಿಸುತ್ತಾ ಸುತ್ತ ನೋಡಿ, ಕಂಡ ವಸ್ತುಗಳ ಹೆಸರು ಹೇಳಿ. ಕ್ಯಾಲೆಂಡರ್, ನೀರಿನ ಕೊಡ, ಮಗಳ ಚೀಲ. ಹೀಗೆ ಮಾಡಿದರೆ ಮೈ ಇವತ್ತಿಗೆ, ಈ ಜಾಗಕ್ಕೆ ಬರುತ್ತದೆ. ಉಸಿರು ಒಳಗೆ ಎಳೆದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಹೊರಗೆ ಬಿಡಿ. ಬಾಯಿ ಮುಚ್ಚಿ ‘ಹ್ಮ್‌ಮ್’ ಎಂದು ಗುನುಗುತ್ತಾ ಬಿಟ್ಟರೆ ಇನ್ನೂ ಸುಲಭ. ಸಿಟ್ಟು ಅಥವಾ ನಡುಕ ಜಾಸ್ತಿ ಇದ್ದರೆ ಗೋಡೆಯನ್ನು ಎರಡೂ ಕೈಯಿಂದ ಬಲವಾಗಿ ತಳ್ಳಿ, ನಿಧಾನಕ್ಕೆ ಬಿಡಿ.

ಇನ್ನೊಂದು ಅಭ್ಯಾಸ ಹುಟ್ಟಿದ್ದೇ ಒಂದು ಪ್ರಕೃತಿ ವಿಕೋಪದಲ್ಲಿ. 1997ರಲ್ಲಿ ಪಾಲಿನ್ ಚಂಡಮಾರುತ ಮೆಕ್ಸಿಕೋದ ಅಕಪುಲ್ಕೊವನ್ನು ಹಾಳುಗೆಡವಿತು. ಬದುಕುಳಿದವರ ಜೊತೆ ಕೆಲಸ ಮಾಡುತ್ತಾ ಲುಸಿನಾ ಆರ್ಟಿಗಾಸ್ ‘ಚಿಟ್ಟೆ ಅಪ್ಪುಗೆ’ಯನ್ನು ರೂಪಿಸಿದರು. ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಇಡಿ. ಬೆರಳ ತುದಿ ಕೊರಳ ಮೂಳೆಯ ಕೆಳಗೆ ಬರಲಿ, ಹೆಬ್ಬೆರಳುಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳಲಿ. ಈಗ ಎಡ, ಬಲ, ಎಡ, ಬಲ ಎಂದು ಚಿಟ್ಟೆ ರೆಕ್ಕೆ ಬಡಿದಂತೆ ಮೆಲ್ಲಗೆ ತಟ್ಟಿಕೊಳ್ಳಿ. ಮನಸ್ಸಿಗೆ ಬಂದದ್ದು ಬಂದು ಹೋಗಲಿ, ಹಿಡಿದು ನಿಲ್ಲಿಸಬೇಡಿ. ಸ್ವಲ್ಪ ಹೊತ್ತಾದ ಮೇಲೆ ನಿಲ್ಲಿಸಿ. ಗಾಬರಿ ಇಳಿಯುವ ಬದಲು ಏರುತ್ತಿದ್ದರೆ ಬಿಟ್ಟುಬಿಡಿ, ಎದ್ದು ಓಡಾಡಿ, ಯಾರ ಜೊತೆಗಾದರೂ ಮಾತಾಡಿ.

ಮನೆ ಹೋಗಿದೆ, ಪರಿಹಾರದ ದುಡ್ಡು ಬಂದಿಲ್ಲ. ಉಸಿರಾಟ ಹೇಳಿಕೊಡೋಕೆ ಬರ್ತೀರಲ್ಲ, ಏನು ಪ್ರಯೋಜನ?

ನಿಮ್ಮ ಸಿಟ್ಟು ನ್ಯಾಯವಾದದ್ದು. ತಲೆ ಮೇಲೆ ಸೂರಿಲ್ಲದವರಿಗೆ ‘ನೀವು ಸುರಕ್ಷಿತವಾಗಿದ್ದೀರಿ’ ಎಂದು ಹೇಳುವುದು ಸುಳ್ಳು. ಮೈ ಸುಳ್ಳನ್ನು ನಂಬುವುದಿಲ್ಲ. ಬಿಸಿ ಊಟ, ಒಣ ಬಟ್ಟೆ, ಬಾಗಿಲು ಹಾಕಿಕೊಳ್ಳಬಹುದಾದ ಶೌಚಾಲಯ, ಮನೆಯವರು ಎಲ್ಲಿದ್ದಾರೆ ಎಂಬ ಸುದ್ದಿ, ಇವೇ ಮೊದಲ ಚಿಕಿತ್ಸೆ. ಮೊದಲ ದಿನಗಳ ಮಾನಸಿಕ ಪ್ರಥಮ ಚಿಕಿತ್ಸೆಯೂ ಇದನ್ನೇ ಹೇಳುತ್ತದೆ: ಏನು ಬೇಕು ಎಂದು ನೋಡು, ಅವರ ಮಾತು ಕೇಳು, ನೆರವು ಸಿಗುವ ಕಡೆ ಜೋಡಿಸು. ದೇಹದ ಚಿಕಿತ್ಸೆ ಕೆಲಸಕ್ಕೆ ಬರುವುದು ಇದರ ಮೇಲೆ, ಇದರ ಬದಲಿಗೆ ಅಲ್ಲ. ಆಪ್ತಸಮಾಲೋಚಕರು ಪರಿಹಾರದ ಅರ್ಜಿ ತುಂಬಿಸಲು ಅರ್ಧ ಗಂಟೆ ಕೊಟ್ಟರೆ ಅದೂ ಚಿಕಿತ್ಸೆಯ ಭಾಗವೇ ಎಂದು ನಾನು ಹೇಳುತ್ತೇನೆ.

ಮಗು ಪುನಃ ಹಾಸಿಗೆ ಒದ್ದೆ ಮಾಡ್ತಾ ಇದೆ. ದಿನಾ ‘ಗುಡ್ಡ ಬಿತ್ತು’ ಆಟ ಆಡುತ್ತೆ. ಬೈದು ನಿಲ್ಲಿಸಬೇಕಾ?

ಬೈಯಬೇಡಿ. ಮಕ್ಕಳು ಮಾತಲ್ಲಿ ಹೇಳದ್ದನ್ನು ಆಟದಲ್ಲಿ ಹೇಳುತ್ತಾರೆ. ಜೊತೆಗೆ ಕೂತು ಆಡಿ. ಪ್ರತಿ ಸಲ ಎಲ್ಲರೂ ಸತ್ತು ಆಟ ಮುಗಿಯುತ್ತಿದ್ದರೆ ‘ಈಗ ಜೆಸಿಬಿ ಬರುತ್ತಾ? ಅಜ್ಜಿಯನ್ನು ಯಾರು ಎತ್ತಿಕೊಂಡು ಹೋಗ್ತಾರೆ?’ ಎಂದು ಕೇಳಿ. ಆಟಕ್ಕೆ ಒಂದು ದಾರಿ ಸಿಗುತ್ತದೆ. ಓಡುವುದು, ಹಗ್ಗ ಜಗ್ಗುವುದು, ಕುಂಟೆಬಿಲ್ಲೆ, ಉಯ್ಯಾಲೆ ಎಲ್ಲವೂ ಮಕ್ಕಳ ಮೈಗೆ ಔಷಧಿ. ಶಾಲೆ ಬೇಗ ಶುರುವಾದಷ್ಟೂ ಒಳ್ಳೆಯದು. ಮಗು ಮಾತು ಬಿಟ್ಟಿದ್ದರೆ, ಊಟ ಬಿಟ್ಟಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಯಂತ್ರ ಕಟ್ಟಿಸಿದ್ದೇವೆ, ಹೆದರಿಕೆ ತೆಗೆಸಿದ್ದೇವೆ. ಅದು ತಪ್ಪಾ?

ತಪ್ಪಲ್ಲ. ಹಿರಿಯರೊಬ್ಬರು ತಲೆ ಮೇಲೆ ಕೈಯಿಟ್ಟು ನೀವಳಿಸಿದಾಗ ಮೈ ಹಗುರವಾದರೆ ಅದು ನಿಜವಾದ ಸಮಾಧಾನ. ಶವವೇ ಸಿಗದ ಮನೆಗಳಲ್ಲಿ ತಿಥಿ, ಪೂಜೆ, ಪ್ರಾರ್ಥನೆಯಿಂದಲೇ ದುಃಖಕ್ಕೆ ಒಂದು ನೆಲೆ ಸಿಗುತ್ತದೆ. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು, ಸಾಲ ಮಾಡಿಸುವುದು ಬೇಡ. ಡಾಕ್ಟರ ಮಾತ್ರೆ ನಿಲ್ಲಿಸಿ ಎನ್ನುವವರ ಹತ್ತಿರ ಮಾತ್ರ ಹೋಗಬೇಡಿ.

ಗಂಡ ಏನೂ ಮಾತಾಡಲ್ಲ. ಕುಡಿತ ಜಾಸ್ತಿ ಆಗಿದೆ.

ಗಂಡಸರಲ್ಲಿ ಭಯ ಹೀಗೆ ಕಾಣಿಸುವುದು ತುಂಬಾ ಸಾಮಾನ್ಯ. ಮಣ್ಣಿನಿಂದ ಹೆಣ ತೆಗೆದವರಲ್ಲಿ, ಹಗ್ಗ ಹಿಡಿದು ಜನರನ್ನು ದಾಟಿಸಿದವರಲ್ಲಿ ಇನ್ನೂ ಜಾಸ್ತಿ. ಊರೆಲ್ಲ ಹೀರೋ ಎಂದು ಕರೆದವನಿಗೆ ‘ನನಗೆ ಹೆದರಿಕೆ’ ಎನ್ನಲು ಬಾಯಿ ಬರುವುದಿಲ್ಲ. ‘ಮಾತಾಡು’ ಎಂದು ಒತ್ತಾಯಿಸುವುದಕ್ಕಿಂತ ಜೊತೆಯಲ್ಲಿ ಕೆಲಸ ಮಾಡುವುದು ಮೇಲು. ಬೇಲಿ ಕಟ್ಟುವುದು, ತೋಟದಲ್ಲಿ ಓಡಾಡುವುದು, ವಾಲಿಬಾಲ್ ಆಡುವುದು. ಮಾತು ಬಂದರೆ ಅಲ್ಲೇ ಬರುತ್ತದೆ. ದಿನವೂ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ ಅಪಾಯವಾಗಬಹುದು. ಡಾಕ್ಟರ ಸಲಹೆ ಪಡೆದು ಬಿಡಿಸಿ.

ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದುಕೊಳ್ಳಬಹುದಾ?

ಬೇಡ. ಆಘಾತದ ಮೊದಲ ತಿಂಗಳ ತೊಂದರೆಗಳಿಗೆ ಬೆಂಜೋಡಯಾಜೆಪಿನ್ ಎಂಬ ಗುಂಪಿನ ನಿದ್ದೆ ಮಾತ್ರೆಗಳನ್ನು ಕೊಡಬಾರದು ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಚಟವೂ ಅಂಟುತ್ತದೆ. ಆದರೆ ಮನೋವೈದ್ಯರು ನೋಡಿ ಬರೆದುಕೊಟ್ಟ ಔಷಧಿಯ ಮಾತೇ ಬೇರೆ, ಅದನ್ನು ನೀವಾಗಿ ನಿಲ್ಲಿಸಬೇಡಿ.

ಯಾರ ಹತ್ತಿರ ಹೋಗಬೇಕು? ನಮ್ಮ ಊರಲ್ಲಿ ಇಂಥವರು ಯಾರೂ ಇಲ್ಲ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಪ್ರತಿ ಜಿಲ್ಲೆಯಲ್ಲೂ ಇದೆ. ಈ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿಯಾದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗ. ತಂಡದವರು ಯಾವ ದಿನ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಕೋಪದ ಸಮಯದ ಮನೋಸಾಮಾಜಿಕ ನೆರವಿಗೆಂದೇ ಒಂದು ವಿಭಾಗವಿದೆ.

ದೇಹದ ಚಿಕಿತ್ಸೆ ಕಲಿತವರು ಹೆಚ್ಚಾಗಿ ದೊಡ್ಡ ಊರುಗಳಲ್ಲಿ, ಖಾಸಗಿಯಾಗಿ ಇದ್ದಾರೆ. ಹೋಗುವ ಮೊದಲು ಕೇಳಿ: ನೀವು ಮೂಲತಃ ಏನು ಓದಿದ್ದೀರಿ? ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ? ಈ ವಿಧಾನವನ್ನು ಎಷ್ಟು ಕಾಲ ಕಲಿತಿದ್ದೀರಿ? ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಪೂರ್ತಿ ತರಬೇತಿಗೆ ಸುಮಾರು ಮೂರು ವರ್ಷ ಹಿಡಿಯುತ್ತದೆ. ವಾರಾಂತ್ಯದ ಶಿಬಿರ ಮುಗಿಸಿ ಬೋರ್ಡು ಹಾಕಿದವರಿಗೆ ನಿಮ್ಮ ನೋವನ್ನು ಒಪ್ಪಿಸಬೇಡಿ.

ಯಾವಾಗ ಒಂದು ದಿನವೂ ತಡ ಮಾಡಬಾರದು?

ಸಾಯುವ ಮಾತು ಬಂದರೆ, ಇಲ್ಲದ್ದು ಕಾಣುವುದು ಕೇಳುವುದು ಶುರುವಾದರೆ, ಊಟ ನೀರು ಬಿಟ್ಟರೆ, ಎಳೆ ಮಗುವನ್ನು ತಾಯಿ ನೋಡಿಕೊಳ್ಳಲು ಆಗದಿದ್ದರೆ. ಎದೆ ನೋವು ಬಂದಾಗ ‘ಭಯದಿಂದ ಇರಬೇಕು’ ಎಂದು ಸುಮ್ಮನಾಗಬೇಡಿ, ಮೊದಲು ಇಸಿಜಿ ಮಾಡಿಸಿ.

ಪ್ರತಿ ಮಳೆಗಾಲಕ್ಕೂ ಇದು ವಾಪಸ್ ಬರುತ್ತಾ?

ಸ್ವಲ್ಪ ಬರಬಹುದು, ಅದರಲ್ಲೂ ಆ ತಾರೀಖಿನ ಹತ್ತಿರ. ಚಿಕಿತ್ಸೆ ಕೆಲಸ ಮಾಡಲಿಲ್ಲ ಎಂದು ಆಗ ಅಂದುಕೊಳ್ಳಬೇಡಿ. ಇನ್ನೊಂದು ವಿಷಯವನ್ನೂ ಮರೆಯುವಂತಿಲ್ಲ. ಇಳಿಜಾರಿನಲ್ಲಿ ಮನೆ ಇರುವವರ ಭಯ ಪೂರ್ತಿ ಹಳೆಯದಲ್ಲ. ಗುಡ್ಡ ಇನ್ನೊಮ್ಮೆ ಜರಿಯಬಹುದು. ಹಾಗಾಗಿ ಭಯವನ್ನು ಪೂರ್ತಿ ಅಳಿಸುವುದು ಯಾವ ಒಳ್ಳೆಯ ಚಿಕಿತ್ಸೆಯ ಗುರಿಯೂ ಅಲ್ಲ. ಬೇಕಾದಾಗ ಕಾಲು ಓಡಬೇಕು, ಬೇಡದಾಗ ನಿದ್ದೆ ಬರಬೇಕು.

ಅದಕ್ಕೆ ಮೇ ತಿಂಗಳಲ್ಲೇ ತಯಾರಿ ಮಾಡಿಕೊಳ್ಳಿ. ಆಧಾರ್, ಪಹಣಿ, ಬ್ಯಾಂಕ್ ಪುಸ್ತಕ, ಮಾತ್ರೆ, ಟಾರ್ಚ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಹತ್ತಿರ ಇರಲಿ. ರೆಡ್ ಅಲರ್ಟ್ ಬಂದ ದಿನ ಯಾರ ಮನೆಗೆ ಹೋಗುವುದು, ಅಜ್ಜಿಯನ್ನು ಯಾರು ಕರೆತರುವುದು, ಹಸುವಿನ ಹಗ್ಗ ಯಾರು ಬಿಚ್ಚುವುದು ಎಂದು ಮೊದಲೇ ಮಾತಾಡಿಕೊಳ್ಳಿ. ನೆಲದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಕೆಸರಾದ ತೊರೆ, ಓರೆಯಾದ ಮರ ಕಂಡರೆ ಅಲರ್ಟಿಗೆ ಕಾಯದೆ ಹೊರಡಿ. ಹೋಗುವ ದಾರಿಯನ್ನು ಬಿಸಿಲಿರುವಾಗಲೇ ಮಕ್ಕಳ ಜೊತೆ ಒಮ್ಮೆ ನಡೆದು ನೋಡಿ, ಕಾಲಿಗೆ ಆ ದಾರಿಯ ಅಭ್ಯಾಸವಾಗಲಿ.